ಜಳಕ ಮಾಡಿಸಿ ತಂದ ಗಾಡಿ

ಸಪ್ಪಳವನ್ನು ಮೊದಲು ಹಿಡಿದವಳು ಅವ್ವ. ಹಿಂದಿನ ಸೀಟಿನಲ್ಲಿ ಎಡಗಡೆಯ ಬಾಗಿಲಿಗೆ ದಿಂಬು ಕೊಟ್ಟು ಒರಗಿ, ಕಾಲು ಉದ್ದಕ್ಕೆ ಚಾಚಿ ಕೂತಿದ್ದಳು. ನಮ್ಮೂರು ತಾಂಬಾ ಬಿಟ್ಟು ಸಿಂದಗಿ ಕಡೆಗೆ ಅರ್ಧ ದಾರಿ ಬಂದಿದ್ದೆವು.

“ನನ್ನ ಚಪ್ಪಿ ಬುಡಕ ಯಾರೋ ಜ್ವಾಳ ಬೀಸಾಕತ್ತಾರ ನೋಡ,” ಅಂದಳು.

ಚಪ್ಪಿ ಅಂದರೆ ಸೊಂಟದ ಪಕ್ಕದ ಎಲುಬು. ಅವಳ ಎಡಚಪ್ಪಿ ಮುರಿದು, ವಿಜಯಪುರದ ದವಾಖಾನೆಯಲ್ಲಿ ರಾಡು ಹಾಕಿ ಕೂಡಿಸಿ ಆಗಿನ್ನೂ ಎರಡು ತಿಂಗಳಾಗಿರಲಿಲ್ಲ. ನೋವಿಗೆ ಹಾಗನ್ನುತ್ತಾಳೆ ಅಂದುಕೊಂಡೆ. ನೋವಲ್ಲ, ಸಪ್ಪಳ, ಗಾಲಿ ಕಡೆಯಿಂದ ಬರುತ್ತದೆ ಅಂದಳು. ಆಗ ನಾನು ಪಾಠ ಶುರು ಮಾಡಿದೆ. ಇದು ಕರೆಂಟಿನ ಗಾಡಿ, ಇದಕ್ಕೆ ಎಂಜಿನ್ ಇಲ್ಲ, ಬೇರೆ ಗಾಡಿಯಲ್ಲಿ ಎಂಜಿನ್ ಸದ್ದಿನಲ್ಲಿ ಮುಚ್ಚಿಹೋಗುವ ರಸ್ತೆಯ ಸದ್ದು ಇದರಲ್ಲಿ ಕೇಳಿಸುತ್ತದೆ, ಅಷ್ಟೇ. ಸಿಂದಗಿಯ ಪಿಯು ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಕಾಗದವನ್ನು ಕೈಯಲ್ಲಿ ಹಿಡಿದವಳು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ, ಸುಮ್ಮನೆ ಬಂದದ್ದಲ್ಲ ಅದು. ಆದರೆ ಆವತ್ತು ಅದೇ ಡಿಗ್ರಿ ನನ್ನ ಕಿವಿಗೆ ಅರಳೆ ತುರುಕಿತ್ತು. ಅವ್ವ ಎಲ್ಲ ಕೇಳಿ, “ಕಲತಾಕಿ ಹೇಳತಿ ಅಂದ್ರ ಖರೇನ ಇರಬೇಕು,” ಅಂದಳು.

ಆ ಗಾಡಿ ಮನೆಗೆ ಬಂದದ್ದು ಯುಗಾದಿಗೆ. ಅಲ್ಲಿಯತನಕ ನಮ್ಮಲ್ಲಿ ಎರಡು ಎತ್ತು, ಒಂದು ಬೈಕು ಬಿಟ್ಟರೆ ಓಡುವಂಥದ್ದು ಏನೂ ಇರಲಿಲ್ಲ. ಅಂಥ ಮನೆಗೆ ಎಲೆಕ್ಟ್ರಿಕ್ ಕಾರು ಬರುತ್ತದೆ ಅಂದಾಗ ಊರಿಗೆಲ್ಲ ನಗೆ. ಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರು ನನಗೆ ಕೇಳುವ ಹಾಗೇ ಅಂದರು: “ಪಂಪಿಗೇ ಕರೆಂಟ್ ಇಲ್ಲ, ಅಕ್ಕೋರು ಕಾರಿಗೆ ಕುಡಸ್ತಾರಂತ.” ನಾನೂ ಬಿಡಲಿಲ್ಲ, ನಿಮ್ಮ ಪಂಪಿನಂತೆ ಇದು ರಾತ್ರಿ ಎಬ್ಬಿಸಿ ಓಡಿಸುವುದಿಲ್ಲ ಕಾಕಾ, ಮಲಗಿದಲ್ಲೇ ಕುಡಿಯುತ್ತದೆ ಅಂದೆ.

ಅಣ್ಣ ಏಳನೆಯ ಇಯತ್ತೆಗೇ ಸಾಲಿ ಬಿಟ್ಟವನು, ನಾನು ಬಿಡಬಾರದು ಅಂತ. ಗಾಡಿ ಬಂದ ದಿನ ಅವನೇ ತೋಟಕ್ಕೆ ಹೋಗಿ ಕೈಯಾರೆ ನಾಲ್ಕು ಲಿಂಬೆಹಣ್ಣು ಆರಿಸಿ ತಂದು ನಾಲ್ಕು ಗಾಲಿಗಳ ಮುಂದೆ ಇಟ್ಟ. ನಾನು ಗಾಡಿ ಬಿಟ್ಟೆ. ಮೂರು ಪಚಕ್ಕನೆ ಒಡೆದವು. ಹಿಂದಿನ ಎಡಗಾಲಿಯದು ಜಾರಿ ಪಕ್ಕಕ್ಕೆ ಉರುಳಿತು. ಅಣ್ಣನ ಹೆಂಡತಿ, ನಮ್ಮ ವೈನಿಯ ಮುಖ ಸಣ್ಣದಾಯಿತು. ಅಣ್ಣ ಅದನ್ನು ಕಾಲಿನಿಂದ ಮತ್ತೆ ಗಾಲಿಯ ಬುಡಕ್ಕೆ ತಳ್ಳಿ, ಹಿಂದಕ್ಕೆ ಬಾ ಅಂದ. ಆಗ ಒಡೆಯಿತು. ಮುಂದೆ ಆದದ್ದಕ್ಕೆಲ್ಲ ವೈನಿಯ ಹತ್ತಿರ ಆ ಹಣ್ಣೇ ಕಾರಣ. ನನ್ನ ಹತ್ತಿರ ಇರುವ ಕಾರಣಗಳಿಂದಲೂ ಯಾರಿಗೂ ಏನೂ ಒಳ್ಳೆಯದಾಗಿಲ್ಲ, ಹಾಗಾಗಿ ನಾನು ಅವಳ ಜೊತೆ ವಾದ ಮಾಡುವುದಿಲ್ಲ.

ನಾನು ಹೇಗೂ ದಿನಾ ಸಿಂದಗಿಗೆ ಹೋಗುವವಳು. ಅಣ್ಣ ಲಿಂಬೆಯ ಚೀಲ ಏರಿಸಲು ಬಸ್ಸಿನ ಕಂಡಕ್ಟರುಗಳ ಜೊತೆ ಜಗಳಾಡುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಇನ್ನು ಆ ಜಗಳ ಸಾಕು ಅಂದೆ. ವಾರಕ್ಕೆ ಮೂರ್ನಾಲ್ಕು ದಿನ ಡಿಕ್ಕಿಯಲ್ಲಿ ಎರಡು ಚೀಲ, ಮುಂದಿನ ಎಡಸೀಟಿನಲ್ಲಿ ಒಂದು ಚೀಲ. ಸಿಂದಗಿಯ ಅಂಗಡಿಗೆ ಇಳಿಸಿ ಕಾಲೇಜಿಗೆ ಹೋಗುತ್ತಿದ್ದೆ. ಮೇಡಂ ಬಂದರೆ ಷರಬತ್ತಿನ ವಾಸನೆ ಬರುತ್ತದೆ ಅಂತ ವಿದ್ಯಾರ್ಥಿನಿಯರು ಆಡಿಕೊಳ್ಳುತ್ತಿದ್ದರಂತೆ.

ಅವ್ವ ಬಿದ್ದದ್ದು ಶ್ರಾವಣದ ಒಂದು ಭಾನುವಾರ. ಲಿಂಬೆ ತೋಟದಲ್ಲಿ ಗಿಡಗಳಿಗೆ ನೀರು ಹರಿಯುವ ಸಣ್ಣ ಕಾಲುವೆಯಲ್ಲಿ ಜಾರಿದಳು. ಅಣ್ಣ ಫೋನ್ ಮಾಡಿದ. ನಾನು ಗಾಡಿಯನ್ನು ತೋಟದ ಒಳಗೇ ಒಯ್ದೆ. ಅವಳನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ ಗಾಡಿ ತಿರುಗಿಸುವಾಗ ಹಿಂದಿನ ಎಡಗಾಲಿ ಅದೇ ಕಾಲುವೆಯೊಳಗೆ ದಡ್ಡನೆ ಇಳಿಯಿತು. ಅವ್ವ ಒಮ್ಮೆ ಚೀರಿದಳು. ಅಣ್ಣ ಹಿಂದಿನಿಂದ ಹೆಗಲು ಕೊಟ್ಟು ನೂಕಿದ, ಗಾಡಿ ಎದ್ದು ಬಂತು. ಆ ಚೀರು ಕೇಳಿದ ಮೇಲೆ ಗಾಲಿಯ ನೆನಪು ಯಾರಿಗಿರುತ್ತದೆ.

ಆಪರೇಶನ್ ಆದ ಮೇಲೆ ಸಿಂದಗಿಯ ಫಿಸಿಯೋಥೆರಪಿ ಡಾಕ್ಟರರ ಹತ್ತಿರ ವಾರಕ್ಕೆ ಮೂರು ದಿನ ವ್ಯಾಯಾಮ ಅಂತ ಆಯಿತು. ಮೆಲ್ಲಗೆ ಮಾತಾಡುವ, ನನಗಿಂತ ಸಣ್ಣ ವಯಸ್ಸಿನ ಮನುಷ್ಯ. ಮೊದಲಿನ ನಾಲ್ಕೈದು ತಿಂಗಳೇ ಮುಖ್ಯ, ಆಗ ರೂಢಿಯಾದ ನಡಿಗೆಯೇ ಮುಂದೆ ಕಾಯಂ ಆಗುತ್ತದೆ ಅಂದರು. ಅವ್ವ ಅವರಿಗೆ ಕೇಳಿದ್ದು ಒಂದೇ ಮಾತು: “ಬಡಿಗಿ ಇಲ್ದ ತ್ವಾಟಕ್ಕ ಹೋಗತೇನೇನ್ರಿ?”

ಲಿಂಬೆ ಮುಳ್ಳಿನ ಗಿಡ. ಒಂದು ಕೈಯಲ್ಲಿ ಕೊಂಬೆ ಸರಿಸಬೇಕು, ಇನ್ನೊಂದರಲ್ಲಿ ಹಣ್ಣು ಹಿಡಿಯಬೇಕು. ಊರಿ ನಡೆಯಲು ಬಡಿಗೆ ಹಿಡಿದವಳಿಗೆ ಮೂರನೆಯ ಕೈ ಎಲ್ಲಿಂದ ಬರುತ್ತದೆ? ಹೇಳಿದ ವ್ಯಾಯಾಮ ತಪ್ಪಿಸದಿದ್ದರೆ ಹೋಗಬಹುದು ಅಂತ ಡಾಕ್ಟರು ಹೇಳಿದರು. ಅವತ್ತಿನಿಂದ ನಮ್ಮ ಮನೆಯವರೆಲ್ಲರ ಕಣ್ಣು ಅವಳ ಎಡಗಾಲಿನ ಮೇಲೆ. ಬಸ್ಸು ಏರುವುದು ಅವಳಿಂದ ಆಗದು, ಟೆಂಪೋದ ಹಲಗೆಯ ಮೇಲೆ ಕೂಡಲು ಆಗದು. ಕಾಲು ಚಾಚಿ ಹೋಗಲು ಇದ್ದದ್ದು ಆ ಗಾಡಿ ಒಂದೇ.

ಬೀಸುವ ಸಪ್ಪಳದ ಮಾತು ಅವ್ವ ಹೇಳಿದ ಎರಡು ವಾರಕ್ಕೆ, ಡಾಕ್ಟರರ ದವಾಖಾನೆಯ ಮುಂದೆ ಅವಳನ್ನು ಇಳಿಸುವಾಗ ಬಡಿಗೆ ಕೈಜಾರಿ ಗಾಡಿಯ ಕೆಳಗೆ ಉರುಳಿತು. ಬಗ್ಗಿ ಕೈ ಹಾಕಿದೆ. ಬೆರಳಿಗೆ ಏನೋ ಚುಚ್ಚಿತು. ನೋಡಿದರೆ ಹಿಂದಿನ ಎಡಗಾಲಿಯ ಟೈರಿನ ಒಳಮಗ್ಗುಲು ಬೋಳಾಗಿ, ತಂತಿ ಹೊರಗೆ ಬಂದಿದೆ. ಹೊರಮಗ್ಗುಲಿನಲ್ಲಿ ಗೀರುಗಳು ಹೊಸದರಂತೆ ಆಳವಾಗಿ ಇದ್ದವು. ನಿಂತು ನೋಡುವವರಿಗೆ ಅದು ಹೊಸ ಟೈರು. ಬಗ್ಗಿದವರಿಗೆ ಮಾತ್ರ ಖರೆ ಗೊತ್ತಾಗುತ್ತದೆ.

ಗಾಲಿ ತನ್ನ ದಿಕ್ಕಿಗೆ ನೆಟ್ಟಗೆ ನಿಂತಿಲ್ಲ ಅಂದರೆ ಉರುಳುವ ಜೊತೆಗೆ ಸ್ವಲ್ಪ ಉಜ್ಜುತ್ತಲೂ ಹೋಗುತ್ತದೆ. ಇದನ್ನು ನಾನು ಬೋರ್ಡಿನ ಮೇಲೆ ಬಾಣ ಬರೆದು ತೋರಿಸಬಲ್ಲೆ. ತೋರಿಸಿಯೂ ಇದ್ದೇನೆ. ಆದರೆ ಬೋರ್ಡಿನ ಮೇಲಿನ ಗಾಲಿ ಬೇರೆ. ಮರುದಿನ ಇಂಡಿ ಪಟ್ಟಣದ ಪಂಚರ್ ಅಂಗಡಿಗೆ ನಿಧಾನವಾಗಿ ಹೊಡೆದುಕೊಂಡು ಹೋದರೆ ಅವರು ಜಾಕ್ ಹಚ್ಚಲೇ ಒಪ್ಪಲಿಲ್ಲ. ಕೆಳಗೆ ಪೂರ್ತಿ ಬ್ಯಾಟರಿ ಇದೆ, ಎಲ್ಲಿ ಎತ್ತಿದರೆ ಏನಾಗುತ್ತದೋ ಅಂತ ಹೆದರಿಕೆ. ಎಲ್ಲಿ ಹಚ್ಚಬೇಕೆಂದು ಪುಸ್ತಕದಲ್ಲಿದೆ, ತೋರಿಸುತ್ತೇನೆ ಅಂದೆ. ಅಂಗಡಿಯವರು ಕೈಮುಗಿದರು. “ಪುಸ್ತಕ ನಿಮ್ಗ ತಿಳೀತೈತ್ರಿ ಅಕ್ಕೋರ. ಕರೆಂಟ್ ನಮ್ಗ ಹೊಡೀತೈತಿ.” ಕೂತಿದ್ದ ನಾಲ್ಕು ಮಂದಿ ನಕ್ಕರು. ನಾನೂ ನಕ್ಕೆ, ಬೇರೆ ಏನು ಮಾಡಲಿ.

ಆ ಅಳತೆಯ ಟೈರು ಇಂಡಿಯಲ್ಲೂ ಇರಲಿಲ್ಲ, ಸಿಂದಗಿಯಲ್ಲೂ ಇರಲಿಲ್ಲ. ತರಿಸಲು ಹದಿನೈದು ದಿನ ಹಿಡಿಯಿತು. ಅಷ್ಟು ದಿನ ಅವ್ವನ ವ್ಯಾಯಾಮ ನಿಂತಿತು. ಅಣ್ಣ ಒಂದು ದಿನ ಟೆಂಪೋದಲ್ಲಿ ಕರೆದೊಯ್ದ. ಬರುವಾಗ ಅವಳ ತೊಡೆ ಬಾತಿತ್ತು. ಮತ್ತೆ ಯಾರೂ ಟೆಂಪೋದ ಮಾತು ತೆಗೆಯಲಿಲ್ಲ.

ಟೈರು ಬಂದ ಮೇಲೆ ಅದನ್ನು ಹಾಕಿಸಿ, ಗಾಡಿಯನ್ನು ವಿಜಯಪುರಕ್ಕೆ, ಕಂಪನಿಯವರ ಸರ್ವೀಸ್ ಸೆಂಟರಿಗೆ ಒಯ್ಯುವುದೆಂದಾಯಿತು. ಹೋಗುವ ಮುಂಜಾನೆ ನಮ್ಮ ಮನೆಯಲ್ಲಿ ನಡೆದದ್ದನ್ನು ಇಲ್ಲಿ ಹೇಳಬೇಕು, ಯಾಕೆಂದರೆ ಪ್ರತಿ ಸಲವೂ ಹಾಗೇ ನಡೆಯಿತು. ಅಣ್ಣ ಚೀಲಗಳನ್ನು ಇಳಿಸಿದ. ಡಿಕ್ಕಿಯಲ್ಲಿನ ಎಲೆ, ಮುಳ್ಳು, ಕೊಳೆತ ಹಣ್ಣು ಎಲ್ಲ ಬಳಿದು ಹಾಕಿದ. ಪಂಪಿನ ಪೈಪು ಹಿಡಿದು ಗಾಡಿಯನ್ನು ಮೇಲೆ ಕೆಳಗೆ ತೊಳೆದ. ವೈನಿ ಹಳೆಯ ಧೋತರದಿಂದ ಒರೆಸಿದಳು. ಅವ್ವ ಹೊರಸಿನ ಮೇಲೆ ಕೂತು ಇಲ್ಲಿ ಉಳಿದಿದೆ, ಅಲ್ಲಿ ಉಳಿದಿದೆ ಅಂತ ಬಡಿಗೆಯಿಂದ ತೋರಿಸುತ್ತಿದ್ದಳು. ತನ್ನ ದಿಂಬನ್ನು ಸಹ ತೆಗೆಸಿದಳು. ಅದರ ಗವಸಿಗೆ ಎಣ್ಣೆ ಹತ್ತಿದೆ, ನೋಡಿದವರು ಏನಂದಾರು. “ಹಳ್ಳಿ ಮಂದಿಗೆ ಗಾಡಿ ಇಟ್ಕೊಳ್ಳಾಕ ಬರಂಗಿಲ್ಲ ಅನ್ನಬಾರದು ಯಾರೂ,” ಅಂದಳು. ಹೌದೆನಿಸಿತು ನನಗೂ. ನಾನು ಕೂಡ ಇಸ್ತ್ರಿಯ ಸೀರೆ ಉಟ್ಟೆ.

ವಿಜಯಪುರದಲ್ಲಿ ನಾಲ್ಕು ಗಾಲಿಗೆ ನಾಲ್ಕು ಫಲಕ ಸಿಕ್ಕಿಸಿ, ಗಾಲಿಗಳು ನೆಟ್ಟಗಿವೆಯೇ ಅಂತ ಕಂಪ್ಯೂಟರಿನಲ್ಲಿ ಅಲೈನ್‌ಮೆಂಟ್ ನೋಡಿದರು. ಪರದೆಯ ಮೇಲೆ ಎಲ್ಲ ಅಂಕಿಗಳೂ ಹಸಿರು. ಏನೂ ತಪ್ಪಿಲ್ಲ ಮೇಡಂ, ಈ ಗಾಡಿ ತೂಕ ಹೆಚ್ಚು, ಎಳೆತ ಹೆಚ್ಚು, ಟೈರು ಜಲ್ದಿ ಸವೆಯುತ್ತದೆ, ನಿಧಾನ ಓಡಿಸಿರಿ ಅಂದರು. ಎರಡೂ ಮಗ್ಗುಲು ಸರಿಸಮ ಸವೆಯಬೇಕಲ್ಲ, ಒಂದೇ ಯಾಕೆ ಅಂದೆ. ರಸ್ತೆ ಅಂದರು. ನಮ್ಮ ಕಡೆ ರಸ್ತೆ ಅಂದುಬಿಟ್ಟರೆ ಮುಂದೆ ಮಾತಿಗೆ ಜಾಗ ಇರುವುದಿಲ್ಲ.

ಹಸಿರು ಅಂಕಿಯ ಕಾಗದ ಮಡಚಿ ಇಟ್ಟುಕೊಂಡು ಬಂದೆ. ಮರುದಿನ ಚೀಲಗಳು ಏರಿದವು, ದಿಂಬು ಬಂತು, ಅವ್ವ ಕೂತಳು. ಸಿಂದಗಿ ದಾರಿಯಲ್ಲಿ ಸ್ಟೇರಿಂಗ್ ಸ್ವಲ್ಪ ಸಡಿಲ ಬಿಟ್ಟರೆ ಸಾಕು, ಗಾಡಿ ಎಡಕ್ಕೆ ಸರಿಯುತ್ತಿತ್ತು, ಮೇವು ಕಂಡ ಎತ್ತಿನ ಹಾಗೆ. ತಿಂಗಳು ಕಳೆಯುವಷ್ಟರಲ್ಲಿ ಅವ್ವ ಹಿಂದಿನಿಂದ, ಮತ್ತೆ ಬೀಸಲು ಕೂತರು ನೋಡು ಅಂದಳು. ಈ ಸಲ ನಾನು ಪಾಠ ಮಾಡಲಿಲ್ಲ. ನಿಲ್ಲಿಸಿ, ಇಳಿದು, ಬಗ್ಗಿ, ಒಳಮಗ್ಗುಲಿಗೆ ಬೆರಳಾಡಿಸಿದೆ. ಒಂದು ದಿಕ್ಕಿಗೆ ಸವರಿದರೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸ.

ಮುದ್ದೇಬಿಹಾಳದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಟೈರಿನ ಅಂಗಡಿ ಇದೆ. ನಾನು ಮೊದಲು ನೌಕರಿಗೆ ಸೇರಿದ್ದು ಆ ಊರಿನಲ್ಲಿ. ಈಗ ಅವನಿಗೆ ತಲೆ ಬೋಳಾಗಿದೆ, ಇಬ್ಬರು ಮಕ್ಕಳು. ಅಷ್ಟು ದೂರ ಹೋದರೂ ನಮ್ಮವನು ಮನಸ್ಸಿಟ್ಟು ನೋಡುತ್ತಾನೆ ಅಂತ ಒಂದು ಭಾನುವಾರ ಹೊರಟೆ. ಮತ್ತೆ ಚೀಲ ಇಳಿಯಿತು, ಮತ್ತೆ ಪೈಪು ಬಂತು. ಮೇಡಂ ಗಾಡಿ ಕನ್ನಡಿ ಇದ್ದಂಗ ಇಟ್ಟೀರಿ ಅಂತ ಅವನು ಅಂಗಡಿಯವರಿಗೆಲ್ಲ ತೋರಿಸಿದ. ಚಹಾ ತರಿಸಿದ. ತಾನೇ ಕೆಳಗೆ ಮಲಗಿ ನೋಡಿದ, ಎರಡು ಸಲ ಮಷಿನ್ ಹಚ್ಚಿದ. ಮುಂದಿನ ಗಾಲಿಗಳನ್ನು ಒಂದು ಚೂರು ಸರಿಪಡಿಸಿದ. ಹಿಂದಿನವು ಹಸಿರೇ ಇವೆ, ಅವನ್ನು ತಿರುಗಿಸಲು ಈ ಗಾಡಿಯಲ್ಲಿ ನಟ್ಟೇ ಇಲ್ಲ ಅಂದ. ಕಡೆಗೆ ತಲೆ ಕೆರೆದುಕೊಂಡು, “ಮೇಡಂ, ನೀವು ಬಲ, ಘರ್ಷಣೆ ಅಂತ ಎಷ್ಟ ಹೇಳಿದ್ರೂ ನಾ ಹಿಂದಿನ ಬೆಂಚಿನ್ಯಾಗ ಕುಂತಾಂವ. ನನ್ನ ಕೇಳಾಕ ಬಂದೀರಲ್ರಿ,” ಅಂದ. ನಗಿಸಲೆಂದೇ ಅಂದದ್ದು. ಹಿಂತಿರುಗುವಾಗ ತಾಳಿಕೋಟಿ ದಾಟುವತನಕ ಆ ಮಾತು ಹಲ್ಲಿನ ಸಂದಿಯ ನಾರಿನಂತೆ ಕಾಡಿತು.

ಡಿಸೆಂಬರಿನಲ್ಲಿ ಅದೇ ಗಾಲಿಗೆ ಹಾಕಿಸಿದ ಎರಡನೆಯ ಟೈರೂ ತಂತಿ ಬಿಟ್ಟಿತು. ಮತ್ತೆ ಹತ್ತು ದಿನ ಗಾಡಿ ನಿಂತಿತು, ಅವ್ವನ ವ್ಯಾಯಾಮ ನಿಂತಿತು. ಆದರೆ ಒಂದು ಸಮಾಧಾನ ಇತ್ತು. ಫಿಸಿಯೋಥೆರಪಿ ಡಾಕ್ಟರು ತಮ್ಮ ಕೋಣೆಯಲ್ಲಿ ನೆಲದ ಮೇಲೆ ಹತ್ತು ಹೆಜ್ಜೆಯ ಉದ್ದಕ್ಕೆ ಹಳದಿ ಪಟ್ಟಿ ಎಳೆದಿದ್ದರು. ಪ್ರತಿ ಸಲ ಅವ್ವ ಅದರ ಮೇಲೆ ಬಡಿಗೆ ಇಲ್ಲದೆ ನಡೆದು ತೋರಿಸುತ್ತಿದ್ದಳು. ನೆಟ್ಟಗೆ ನಡೆಯುತ್ತಿದ್ದಳು. ಭಾಳ ಛಲೋ ಆಗಾಕತ್ತೈತಿ ಅಂತ ಅವರು ಚೀಟಿಯಲ್ಲಿ ಬರೆಯುತ್ತಿದ್ದರು. ನಾನು ಬಾಗಿಲ ಬಳಿ ನಿಂತು ನೋಡಿ, ಗಾಡಿ ಹಾಳಾದರೆ ಹಾಳಾಗಲಿ, ಇದಾದರೂ ಸರಿ ಹೊಂಟಿದೆಯಲ್ಲ ಅಂದುಕೊಳ್ಳುತ್ತಿದ್ದೆ.

ಪ್ರಾಕ್ಟಿಕಲ್ ಪರೀಕ್ಷೆಗೆ ನನ್ನನ್ನು ಬಸವನ ಬಾಗೇವಾಡಿಯ ಕಾಲೇಜಿಗೆ ಹಾಕಿದ್ದರು. ಹೊರಡುವ ಮುಂಜಾನೆ ಗಡಿಬಿಡಿ. ಹಿಂದಿನ ಸಂಜೆ ಅಣ್ಣ ಸಿಂದಗಿಗೆಂದು ಹಾಕಿಟ್ಟಿದ್ದ ಮೂರು ಚೀಲ ಇಳಿಸಲು ಅವನು ಮನೆಯಲ್ಲಿರಲಿಲ್ಲ. ಹಾಗೇ ಹೋದೆ. ಮಧ್ಯಾಹ್ನ ಪರೀಕ್ಷೆ ಮುಗಿಸಿ ಬರುವಾಗ ರಸ್ತೆ ಪಕ್ಕದಲ್ಲಿ ಅಲೈನ್‌ಮೆಂಟ್ ಮಷಿನ್ ಇರುವ ಅಂಗಡಿ ಕಂಡಿತು. ನಿಲ್ಲಿಸುವ ಮನಸ್ಸಿರಲಿಲ್ಲ. ಗಾಡಿ ಮಣ್ಣು ಮೆತ್ತಿಕೊಂಡಿತ್ತು, ಒಳಗೆ ಲಿಂಬೆ ಎಲೆ. ಆದರೂ ಎಡಕ್ಕೆ ಎಳೆಯುವುದನ್ನು ಹಿಡಿದು ಹಿಡಿದು ಬಲಗೈ ಸೋತಿತ್ತು. ನಿಲ್ಲಿಸಿದೆ.

ಅಂಗಡಿಯವರು ಅರವತ್ತು ದಾಟಿದವರು. ಕರೆಂಟಿನ ಗಾಡಿ ಅಂದರೂ ಹೆದರಲಿಲ್ಲ, ಗಾಲಿ ದುಂಡಗೇ ಇವೆಯಲ್ಲ ಅಂದರು. ಗಲೀಜು ಇದೆ, ತಪ್ಪು ತಿಳಿಯಬೇಡಿ ಅಂತ ನಾನು ಮೊದಲೇ ಹೇಳಿದೆ. ಚೀಲ ಇಳಿಸಲೇ ಅಂದೆ.

“ಇಳಸಬ್ಯಾಡ್ರಿ. ದಿನಾ ಹೆಂಗ ಓಡಸ್ತೀರಿ ಹಂಗ ಇರಲಿ.”

ಫಲಕ ಸಿಕ್ಕಿಸಿದರು. ಹಿಂದಿನ ಎಡಗಾಲಿಯ ಅಂಕಿ ಪರದೆಯ ಮೇಲೆ ಕೆಂಪಗೆ ನಿಂತಿತು. ಅವರು ಡಿಕ್ಕಿಯ ಚೀಲಗಳನ್ನು ತಾವೇ ಕೆಳಗಿಳಿಸಿ ಮತ್ತೆ ನೋಡಿದರು. ಹಸಿರು. ಮತ್ತೆ ಏರಿಸಿದರು. ಕೆಂಪು. ನನ್ನ ಕಡೆ ತಿರುಗಿ, “ಈ ಮೊದಲ ತೋರಿಸಿದಾಗ ಖಾಲಿ ಮಾಡಿ ಒಯ್ದಿದ್ರೇನ್ರಿ ಅಕ್ಕೋರ?” ಅಂತ ಕೇಳಿದರು.

“ಹೌದ್ರಿ. ತೊಳದೂ ಒಯ್ದಿದ್ವಿ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಜಳಕಾ ಮಾಡಿಸಿ ದವಾಖಾನಿಗೆ ಒಯ್ದಂಗಾತು. ಜಡ್ಡ ಹೆಂಗ ಕಾಣಬೇಕ್ರಿ?”

ಆಮೇಲೆ ಕೆಳಗೆ ಮಲಗಿ ಬ್ಯಾಟರಿ ದೀಪ ಹಿಡಿದು ನೋಡಿದರು. ಹಿಂದಿನ ಎರಡು ಗಾಲಿಗಳನ್ನು ಹಿಡಿದಿರುವ ಅಡ್ಡತೊಲೆ ಎಡಗಡೆಗೆ ಒಂದು ಚೂರು ಬಾಗಿದೆ, ಅದನ್ನು ಗಾಡಿಗೆ ಕೂಡಿಸಿರುವ ರಬ್ಬರೂ ಹರಿದಿದೆ, ಭಾರ ಬಿದ್ದಾಗ ಗಾಲಿ ಓರೆಯಾಗುತ್ತದೆ ಅಂದರು. ಇದು ಅಲೈನ್‌ಮೆಂಟಿನಿಂದ ಹೋಗುವುದಲ್ಲ, ತೊಲೆಯನ್ನೇ ಬದಲಿಸಬೇಕು, ಅದು ಕಂಪನಿಯಿಂದಲೇ ಬರಬೇಕು. ಎಲ್ಲಾದರೂ ಜೋರಾಗಿ ಬಡಿದಿತ್ತೇ ಅಂತ ಕೇಳಿದರು.

ಇಲ್ಲ ಅಂದೆ. ತಡವರಿಸದೆ ಅಂದೆ. ನಮ್ಮ ಗಾಡಿಯನ್ನು ನಾವು ಜೋಪಾನದಿಂದ ಓಡಿಸಿದ್ದೇವೆ ಅನ್ನುವ ಹಾಗೆ. ಅಲ್ಲಿಂದ ಸ್ವಲ್ಪ ದೂರ ಬಂದ ಮೇಲೆ ತೋಟದ ಕಾಲುವೆ, ಆ ದಡ್ಡ ಅನ್ನುವ ಸದ್ದು, ಅವ್ವನ ಚೀರು ಮೂರೂ ಒಟ್ಟಿಗೆ ನೆನಪಾದವು. ಗಾಡಿ ಬದಿಗೆ ಹಚ್ಚಿದೆ. ಆವತ್ತು ಆ ಬಡಿತ ಬಿದ್ದದ್ದು ಗಾಡಿಗೆ ಮಾತ್ರವೋ, ಹಿಂದೆ ಮಲಗಿದ್ದವಳ ಮುರಿದ ಎಲುಬಿಗೂ ಬಿತ್ತೋ. ಅದನ್ನು ತೋರಿಸುವ ಮಷಿನ್ ಯಾವುದೂ ಇಲ್ಲ, ನಾನು ಯಾರಿಗೂ ಕೇಳಿಲ್ಲ.

ಜಳಕದ ಮಾತು ಅವರು ನಗೆಗೆ ಅಂದರು. ನಮ್ಮ ಮನೆಯಲ್ಲಿ ಅದು ನಡೆದ ಸಂಗತಿ. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಮೈಸುಡುವ ಜ್ವರ ಬಂತು. ಇಂಡಿಯ ಸರಕಾರಿ ದವಾಖಾನೆಗೆ ಕರೆದೊಯ್ಯುವ ಮುಂಚೆ ಅವ್ವ ನನಗೆ ತಲೆಯ ಮೇಲೆ ನೀರು ಹಾಕಿ, ಮೊಣಕಾಲು ತಿಕ್ಕಿ, ಎಣ್ಣೆ ಹಚ್ಚಿ ಜಡೆ ಹೆಣೆದು, ಜೆಂಡಾ ವಂದನೆಗೆ ಇಟ್ಟಿದ್ದ ಅರಿವಿ ತೊಡಿಸಿದಳು. ಡಾಕ್ಟರು ಹಣೆ ಮುಟ್ಟಿ, ಜ್ವರ ಎಲ್ಲಿದೆ, ಹುಡುಗಿ ಮದುವೆಗೆ ಹೊರಟ ಹಾಗಿದೆ ಅಂದು ಎರಡು ಗುಳಿಗೆ ಕೊಟ್ಟು ಕಳಿಸಿದರು. ವಾರದ ಮೇಲೆ ಅದು ವಿಷಮಶೀತ ಜ್ವರ ಅಂತ ಗೊತ್ತಾಗಿ, ಅದೇ ದವಾಖಾನೆಯಲ್ಲಿ ಹನ್ನೊಂದು ದಿನ ಮಲಗಿದೆ. ಅವ್ವ ತಿಳಿಯದೆ ಹಾಗೆ ಮಾಡಿದ್ದಲ್ಲ. ಅವಳ ಅವ್ವನನ್ನು ಹೊಲದಿಂದ ಹಾಗೇ ಎತ್ತಿ ತಂದಾಗ, ಮೊದಲು ಈ ಕೆಸರು ತೊಳೆದುಕೊಂಡು ಬರ್ರಿ ಅಂತ ದವಾಖಾನೆಯ ಬಾಗಿಲ ಹೊರಗೆ ನಿಲ್ಲಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ತೊಳೆದುಕೊಂಡು ಹೋದರೆ ಕುರ್ಚಿ ಸಿಗುತ್ತದೆ. ನಾನೂ ಸಂದರ್ಶನಗಳಿಗೆಲ್ಲ ಕಡ ತಂದ ಸೀರೆ ಉಟ್ಟು, ಹೊಟ್ಟೆ ತುಂಬಿದವಳ ಹಾಗೆ ಕೂತವಳು. ಕಡಿಮೆ ಕಾಣಬಾರದು. ಕಲಿತದ್ದು ಎಷ್ಟೋ, ಇದು ಮಾತ್ರ ಹಾಲಿನ ಜೊತೆ ಬಂದದ್ದು.

ಮನೆಗೆ ಬಂದಾಗ ಅವ್ವ ಅಂಗಳದಲ್ಲಿ ನಳದ ಕಡೆಗೆ ಹೋಗುತ್ತಿದ್ದಳು. ನನ್ನನ್ನು ಇನ್ನೂ ನೋಡಿರಲಿಲ್ಲ. ಬಡಿಗೆಯ ಮೇಲೆ ಅರ್ಧ ಮೈ ಹಾಕಿ, ಪ್ರತಿ ಹೆಜ್ಜೆಗೂ ಎಡಕ್ಕೆ ಬಾಗಿ, ಮೇಲೆದ್ದು, ಬಾಗಿ ನಡೆಯುತ್ತಿದ್ದಳು. ಇದನ್ನು ನಾನು ನಾಲ್ಕು ತಿಂಗಳಿಂದ ದಿನಾ ನೋಡುತ್ತಿದ್ದೆ. ಆ ಹಳದಿ ಪಟ್ಟಿಯ ಮೇಲೆ ಹತ್ತು ಹೆಜ್ಜೆ ನೆಟ್ಟಗೆ ನಡೆಯುವುದನ್ನೂ ನೋಡುತ್ತಿದ್ದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಒಮ್ಮೆಯೂ ನೋಡಿರಲಿಲ್ಲ. ಅವಳು ದವಾಖಾನೆಗೆ ಹೋಗುವ ದಿನ ಜಳಕ ಮಾಡಿ, ಇಳಕಲ್ ಸೀರೆ ಉಟ್ಟು, ಕಪಾಟಿನಲ್ಲಿಟ್ಟ ಹೊಸ ಚಪ್ಪಲಿ ಹಾಕುತ್ತಿದ್ದಳು. ಮನೆಯ ಹಳೆಯ ಚಪ್ಪಲಿ ಬಾಗಿಲಲ್ಲೇ ಉಳಿಯುತ್ತಿತ್ತು. ಎಡಗಾಲಿನದನ್ನು ಎತ್ತಿ ತಿರುಗಿಸಿದೆ. ಹೊರಗಿನ ಅಂಚು ಕಾಗದದಷ್ಟು ತೆಳ್ಳಗೆ. ಒಳಗಿನ ಅಂಚಿನಲ್ಲಿ ಗೀರುಗಳು ಹಾಗೇ ಇದ್ದವು.

ಮರುದಿನ ಕಂಪನಿಗೆ ಫೋನ್ ಮಾಡಿದೆ. ಚೀಲದ ಮಾತು ಈ ಸಲ ಮುಚ್ಚಿಡಲಿಲ್ಲ, ಕಾಲುವೆಯ ಮಾತನ್ನೂ ಹೇಳಿದೆ. ಹಾಗಾದರೆ ಇದು ನಿಮ್ಮ ತಪ್ಪು, ಮಂದಿ ಕೂಡುವ ಗಾಡಿಯಲ್ಲಿ ಮಾಲು ಹೇರಿದ್ದೀರಿ, ಗ್ಯಾರಂಟಿಯಲ್ಲಿ ಬರುವುದಿಲ್ಲ, ತೊಲೆ ಸದ್ಯಕ್ಕೆ ಇಲ್ಲ, ಬಂದಾಗ ಹೇಳುತ್ತೇವೆ ಅಂದರು. ಖರೆ ಹೇಳಿದ್ದಕ್ಕೆ ಸಿಕ್ಕದ್ದು ಅಷ್ಟು. ಅಣ್ಣನಿಗೆ ಹೇಳಿದಾಗ ಅವನು ಹೋಗಿ ಡಿಕ್ಕಿಯಿಂದ ಚೀಲಗಳನ್ನು ಇಳಿಸಿದ. ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಮತ್ತೆ ಕಂಡಕ್ಟರನ ಜೊತೆ ಅವನ ದನಿ ಕೇಳಿಸಿತು.

ಡಾಕ್ಟರರ ಹತ್ತಿರ ಹೋಗುವ ದಿನ ದಾರಿಯಲ್ಲಿ ಅವ್ವನಿಗೆ ಕೈಮುಗಿದು ಕೇಳಿಕೊಂಡೆ, ಇವತ್ತು ಮನೆಯಲ್ಲಿ ನಡೆಯುವ ಹಾಗೇ ನಡೆದು ತೋರಿಸು ಅಂತ. ಆತು ಅಂದಳು. ಒಳಗೆ ಹೋಗಿ ತುಟಿ ಕಚ್ಚಿ, ಮುಷ್ಟಿ ಬಿಗಿದು, ಪಟ್ಟಿಯ ಮೇಲೆ ಹತ್ತು ಹೆಜ್ಜೆ ನೆಟ್ಟಗೆ ನಡೆದಳು. ಡಾಕ್ಟರು ಪೆನ್ನು ತೆಗೆದರು. ನಾನು ಕೈಚೀಲದಿಂದ, ಪ್ರಾಕ್ಟಿಕಲ್ ಪುಸ್ತಕಗಳ ನಡುವೆ ಪೇಪರಿನಲ್ಲಿ ಸುತ್ತಿ ತಂದಿದ್ದ ಹಳೆಯ ಚಪ್ಪಲಿಗಳನ್ನು ತೆಗೆದು ಅವರ ಟೇಬಲ್ಲಿನ ಮೇಲೆ ಮಗುಚಿ ಇಟ್ಟೆ.

ಅವ್ವ ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಲ್ಲಿದೆ.

“ಡಾಕ್ಟರ ಟೇಬಲ್ ಮ್ಯಾಲ ಚಪ್ಪಲಿ ಇಡತಿ? ಇದನ್ನ ಕಲತಿ ಏನ?”

ಡಾಕ್ಟರು ಎಡಚಪ್ಪಲಿಯ ಅಂಚಿಗೆ ಹೆಬ್ಬೆರಳು ಆಡಿಸಿದರು, ನಾನು ಟೈರಿಗೆ ಆಡಿಸಿದ ಹಾಗೆ. ಅವ್ವನಿಗೆ ಎಡಗಾಲೊಂದರ ಮೇಲೆ ನಿಲ್ಲಲು ಹೇಳಿದರು. ನಿಂತಳು. ಸೊಂಟ ಒಂದು ಕಡೆಗೆ ಇಳಿದುಬಿಟ್ಟಿತು. ಅವಳು ಟೇಬಲ್ಲು ಹಿಡಿದುಕೊಂಡಳು. ಚಪ್ಪಿಯ ಪಕ್ಕದ ಸ್ನಾಯುವಿಗೆ ಶಕ್ತಿಯೇ ಬಂದಿಲ್ಲ, ಅದಕ್ಕೆ ಬೇರೆ ವ್ಯಾಯಾಮ ಬೇಕಿತ್ತು, ನಡಿಗೆ ಸರಿ ಇದೆ ಅಂತ ನಾನು ಅದನ್ನು ಕೊಡಲೇ ಇಲ್ಲ ಅಂದರು. ಸಿಟ್ಟಿನಿಂದ ಅಲ್ಲ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ. ನನಗೆ ಮಾತ್ರ ಮೆಲ್ಲಗೆ, “ಇದನ್ನ ಎರಡ ತಿಂಗಳ ಹಿಂದ ತಂದಿದ್ರ ಛಲೋ ಇತ್ರಿ ಮೇಡಂ,” ಅಂದರು.

ಬಡಿಗೆ ಬಿಡುತ್ತಾಳೆಯೇ ಅಂತ ಕೇಳಿದೆ. ಸ್ವಲ್ಪ ಸುಧಾರಿಸಬಹುದು ಅಂದರು. ಬಿಡುತ್ತಾರೆ ಅಂತ ಹೇಳಲಾರೆ ಅಂದರು. ಅವ್ವ ಕಿಟಕಿಯ ಕಡೆ ನೋಡುತ್ತಿದ್ದಳು. ಕೇಳಿಸಿತೋ ಇಲ್ಲವೋ, ನಾನು ತಿರುಗಿ ನೋಡಲಿಲ್ಲ. ಹಳೆಯ ಚಪ್ಪಲಿಗಳನ್ನು ಪೇಪರಿನಲ್ಲಿ ಸುತ್ತಿದೆ. ಅವಳು ಹೊಸ ಚಪ್ಪಲಿ ಮೆಟ್ಟಿ, ಬಾಗಿಲ ತನಕ ಅದೇ ನೆಟ್ಟಗಿನ ನಡಿಗೆಯಲ್ಲಿ ಹೋದಳು. ಹೊರಗೆ ಬಂದು ಗಾಡಿಯ ಬಾಗಿಲು ಮುಚ್ಚಿಕೊಂಡ ಮೇಲೆ ಉಸಿರು ಬಿಟ್ಟಳು.

ತಾಂಬಾ ಹತ್ತಿರ ಬಂದೆವು. ಡಿಕ್ಕಿ ಖಾಲಿ, ಮುಂದಿನ ಸೀಟು ಖಾಲಿ. ಆದರೂ ಗಾಡಿ ಎಡಕ್ಕೆ ಎಳೆಯುತ್ತಿತ್ತು, ಹಿಂದಿಗಿಂತ ಕಡಿಮೆ, ಆದರೆ ಎಳೆಯುತ್ತಿತ್ತು. ರಸ್ತೆಯ ಪಕ್ಕ ಲಿಂಬೆ ತೋಟಗಳು ಶುರುವಾದವು. ಒಂದರಲ್ಲಿ ಹೆಂಗಸರು ಹಣ್ಣು ಕೀಳುತ್ತಿದ್ದರು. ಅವ್ವ ಕತ್ತು ಹೊರಳಿಸಿ ಅವರು ಮರೆಯಾಗುವತನಕ ನೋಡಿದಳು. ಆಮೇಲೆ ದಿಂಬಿಗೆ ಒರಗಿ, ಸಿಟ್ಟು ಇಳಿದ ದನಿಯಲ್ಲಿ ಕೇಳಿದಳು:

“ಗಾಡಿ ಈಗ ಸೀದಾ ಹೊಂಟೈತಲ್ಲ?”

“ಹ್ಞೂಂ ಬೇ ಅವ್ವ. ಸೀದಾ ಹೊಂಟೈತಿ,” ಅಂದೆ. ಸ್ಟೇರಿಂಗನ್ನು ಎರಡು ಬೆರಳಿನಷ್ಟು ಬಲಕ್ಕೆ ತಿರುಗಿಸಿಯೇ ಹಿಡಿದಿದ್ದೆ.